ಟೇಪಕ್ಕನ ಮೂವತ್ತೇಳು ಇಂಚಿನ ಹಲಗೆ

ಬೆಳಿಗ್ಗೆ ಒಂಬತ್ತೂಕಾಲು. ಬ್ಯಾಂಕಿನ ಕಾವಲುಗಾರ ಹೊಸ ಸಮವಸ್ತ್ರದ ಪ್ಯಾಂಟು ತೊಟ್ಟು ದರ್ಜಿ ಅಂಗಡಿಯ ಬಾಗಿಲಾಚೆ ಬರಿಗಾಲಲ್ಲಿ ಮರದ ಸ್ಟೂಲಿನ ಮೇಲೆ ನಿಂತಿದ್ದ. ಪ್ಯಾಂಟು ಅವನ ಪಾದವನ್ನು ನುಂಗಿ ಇನ್ನೂ ಎರಡು ಇಂಚು ಕೆಳಗೆ ಜೋಲುತ್ತಿತ್ತು. ಟೇಪಕ್ಕ ಕುಕ್ಕರಗಾಲಲ್ಲಿ ಕುಳಿತು, ತುಟಿಯ ನಡುವೆ ಎರಡು ಗುಂಡುಪಿನ್ನು ಕಚ್ಚಿಕೊಂಡು, ಸೀಮೆಸುಣ್ಣದಲ್ಲಿ ಗೆರೆ ಎಳೆದರು.

"ಕತ್ತರಿಸಿ ಬಿಸಾಕಿ ಅಕ್ಕಾ, ಯಾಕೆ ಮಡಚ್ತೀರ? ನಾನೇನು ಇನ್ನು ಬೆಳೀತೀನಾ?" ಎಂದ ಅವನು.

"ನೀನು ಬೆಳೆಯಲ್ಲ, ಬಟ್ಟೆ ಕುಗ್ಗುತ್ತೆ." ಪಿನ್ನುಗಳ ನಡುವಿನಿಂದಲೇ ಉತ್ತರ ಬಂತು. "ಕತ್ತರಿಸೋಕೆ ಒಂದು ನಿಮಿಷ ಸಾಕು. ಕತ್ತರಿಸಿದ್ದನ್ನ ತಿರುಗಿ ತರೋಕೆ ನಿಮ್ಮ ಮ್ಯಾನೇಜರ್ ಕೈಲೂ ಆಗಲ್ಲ."

ಅಂಗಡಿ ಇರುವುದು ನಾಲ್ಕು ಮಹಡಿಯ ವಾಣಿಜ್ಯ ಕಟ್ಟಡವೊಂದರ ಮೆಟ್ಟಿಲಿನ ಅಡಿಯಲ್ಲಿ. ಬಾಗಿಲ ಬಳಿ ನೆಟ್ಟಗೆ ನಿಲ್ಲಬಹುದು, ಒಳಗೆ ಹೋದಂತೆ ಬಗ್ಗಬೇಕು, ಕೊನೆಯ ಮೂಲೆಯಲ್ಲಿ ಕೂರಲೇಬೇಕು. ಹೊಲಿಗೆ ಯಂತ್ರ ಇರುವುದು ಆ ಮೂಲೆಯಲ್ಲೇ. ತಲೆಯ ಮೇಲೆ ದಿನವಿಡೀ ಹೆಜ್ಜೆ ಸದ್ದು. "ಆಲ್ಟರೇಶನ್ ಮಾತ್ರ, ಹೊಸ ಬಟ್ಟೆ ಹೊಲಿಯುವುದಿಲ್ಲ" ಎಂಬ ಹಲಗೆ ಹೊರಗೆ ತೂಗುತ್ತದೆ. ದಪ್ಪಗಾದವರು, ಸಣ್ಣಗಾದವರು, ಅಣ್ಣನ ಕೋಟು ತಮ್ಮನಿಗೆ ಬಂದವರು, ಜಿಪ್ಪು ಕಿತ್ತುಕೊಂಡವರು ಇಲ್ಲಿಗೆ ಬರುತ್ತಾರೆ. ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುವುದರಿಂದ ಇಡೀ ಬೀದಿಗೆ ಅವರು ಟೇಪಕ್ಕ. ಐವತ್ತೊಂದು ವರ್ಷ ವಯಸ್ಸು. ಸೂಜಿ ಹಿಡಿದು ಇಪ್ಪತ್ತೊಂಬತ್ತು ವರ್ಷ.

ಈ ಕಸುಬಿನಲ್ಲಿ ಒಂದು ಅಭ್ಯಾಸ ಕೈಗೆ ಅಂಟಿಬಿಡುತ್ತದೆ. ಅಳತೆ ಎಷ್ಟೇ ಬರಲಿ, ಬರೆಯುವಾಗ ಎರಡೂ ಬದಿಗೆ ಅರ್ಧರ್ಧ ಇಂಚು ಸೇರಿಸುವುದು. ಹೊಲಿಗೆಯ ಒಳಗೆ ಮಡಚಿಕೊಳ್ಳುವ ಆ ಹೆಚ್ಚುವರಿ ಬಟ್ಟೆಗೆ ದರ್ಜಿಗಳು ಮಾರ್ಜಿನ್ ಎನ್ನುತ್ತಾರೆ. ಟೇಪಕ್ಕನ ಅಳತೆ ಪುಸ್ತಕದಲ್ಲಿ ಮಾರ್ಜಿನ್ ಇಲ್ಲದ ಅಂಕಿ ಒಂದೂ ಇಲ್ಲ. ಕಣ್ಣು ನೋಡುವುದು ಮೂವತ್ತು, ಕೈ ಬರೆಯುವುದು ಮೂವತ್ತೊಂದು. ನಡುವೆ ತಲೆಗೆ ಕೆಲಸವಿಲ್ಲ.

ಶಾಲೆ ಬಿಟ್ಟದ್ದು ಏಳನೇ ತರಗತಿಗೆ. ಓದು ಅವರಿಗೆ ಬಂದದ್ದು ಈ ಕಸುಬಿನ ಹಿಂಬಾಗಿಲಿನಿಂದ. ಕೆಲಸ ಕಲಿಸಿದ ಯಜಮಾನಿ ರದ್ದಿ ಅಂಗಡಿಯಿಂದ ಹಳೆಯ ವಾರಪತ್ರಿಕೆಗಳನ್ನು ತರಿಸಿ, ಹಾಳೆಗೆ ಹಾಳೆ ಅಂಟಿಸಿ, ಅದರಲ್ಲಿ ಕಾಲರು, ತೋಳು, ಬೆನ್ನಿನ ನಮೂನೆಗಳನ್ನು ಕತ್ತರಿಸಿಡುತ್ತಿದ್ದರು. ಒಂದು ಮಧ್ಯಾಹ್ನ ಶರ್ಟಿನ ಬೆನ್ನಿನ ನಮೂನೆಯ ಮೇಲೆ ಧಾರಾವಾಹಿಯ ಒಂದು ಕಂತು ಟೇಪಕ್ಕನ ಕಣ್ಣಿಗೆ ಬಿತ್ತು. ಒಬ್ಬಳು ಹೆಂಗಸು ಪೆಟ್ಟಿಗೆ ಹಿಡಿದು ರೈಲು ನಿಲ್ದಾಣದಲ್ಲಿ ನಿಂತಿದ್ದಾಳೆ. ರೈಲು ಬಂದಿದೆ. ಅವಳು ಮೆಟ್ಟಿಲ ಮೇಲೆ ಕಾಲಿಡಬೇಕು. ಅಷ್ಟರಲ್ಲಿ ಕಂಕುಳ ಹತ್ತಿರ ಕತ್ತರಿ ಆಡಿ ಕಥೆ ನಿಂತುಹೋಗಿತ್ತು.

ಮೂರು ವಾರ ರದ್ದಿ ಅಂಗಡಿಯ ರಾಶಿ ಕೆದಕಿ ಮುಂದಿನ ಸಂಚಿಕೆ ಹುಡುಕಿದರು. ಸಿಕ್ಕಿತು.

"ಹತ್ತಲಿಲ್ಲ ಅವಳು," ಎನ್ನುತ್ತಾರೆ ಟೇಪಕ್ಕ, ನಿನ್ನೆ ನಡೆದದ್ದು ಎಂಬಂತೆ. "ಪೆಟ್ಟಿಗೆ ಎತ್ಕೊಂಡು ವಾಪಸ್ ಮನೆಗೆ ಹೋದ್ಲು. ನಂಗೆ ಎಂಥಾ ಸಿಟ್ಟು ಬಂತು ಅಂದ್ರೆ! ಹತ್ತಿದವಳ ಕಥೆ ಎಲ್ಲಾದ್ರೂ ಒಂದು ಇರಲೇಬೇಕು ಅಂತ ಹುಡುಕ್ತಾ ಹೋದೆ."

ಹುಡುಕುತ್ತಾ ಹೋದದ್ದರ ಫಲ ಮುನ್ನೂರ ಎಪ್ಪತ್ತಾರು ಪುಸ್ತಕ. ಹೆಚ್ಚಿನವು ರದ್ದಿ ಅಂಗಡಿಯವು. ಕೆಲವಕ್ಕೆ ರಟ್ಟಿಲ್ಲ, ಕೆಲವಕ್ಕೆ ಕೊನೆಯ ಪುಟವಿಲ್ಲ. ಬೆನ್ನು ಬಿಚ್ಚಿದವನ್ನು ಟೇಪಕ್ಕ ತಾವೇ ದಪ್ಪ ದಾರದಲ್ಲಿ ಹೊಲಿದು, ಕೋಟಿನ ಒಳಪಟ್ಟಿಯ ಬಟ್ಟೆ ಅಂಟಿಸಿದ್ದಾರೆ. ಕಾದಂಬರಿ, ಪ್ರವಾಸ, ಜೇನು ಸಾಕಣೆ, ನಕ್ಷತ್ರಗಳ ವಿಚಾರ, ಯಾರೋ ನ್ಯಾಯಾಧೀಶರ ಆತ್ಮಕಥೆ. ಜೇನು ಸಾಕಣೆಯ ಪುಸ್ತಕವನ್ನು ನಾಲ್ಕು ಸಲ ಓದಿದ್ದಾರೆ. ಜೇನುಗೂಡನ್ನು ಹತ್ತಿರದಿಂದ ನೋಡಿಲ್ಲ.

ಇಷ್ಟೂ ಪುಸ್ತಕ ಇದ್ದದ್ದು ಮನೆಯ ಪಡಸಾಲೆಯ ಉದ್ದ ಗೋಡೆಗೆ ಒರಗಿಸಿದ ಒಂಬತ್ತು ಗೋಣಿಚೀಲ ಮತ್ತು ಎರಡು ತಗಡಿನ ಟ್ರಂಕುಗಳಲ್ಲಿ. ಒಂದು ಪುಸ್ತಕ ಬೇಕೆಂದರೆ ಚೀಲ ಬಿಚ್ಚಿ ಮೊಣಕೈವರೆಗೆ ಕೈ ಹಾಕಿ ತಡಕಬೇಕು. ನೆಲ ಒರೆಸಿದಾಗಲೆಲ್ಲ ತಳದ ಪುಸ್ತಕ ನೀರು ಕುಡಿಯುತ್ತಿತ್ತು. ಕಳೆದ ವರ್ಷ ಒಂದು ಚೀಲದ ತಳದಲ್ಲಿ ಗೆದ್ದಲು ಕಾಣಿಸಿಕೊಂಡು ಹನ್ನೊಂದು ಪುಸ್ತಕ ಮಣ್ಣಾದವು. ಅವುಗಳ ಹೆಸರನ್ನು ಟೇಪಕ್ಕ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಾರೆ.

ವಿಷಯ ಜಗಲಿಗೆ ಬಂದದ್ದು ಅತ್ತೆಯ ಕಾಲ್ಬೆರಳಿನಿಂದ. ಎಪ್ಪತ್ತೆಂಟರ ಅತ್ತೆ ಬೆಳಗಿನ ಮಬ್ಬಿನಲ್ಲಿ ಬಚ್ಚಲಿಗೆ ಹೊರಟವರು ಚೀಲಕ್ಕೆ ಎಡವಿ ಬಿದ್ದರು. ಹೆಬ್ಬೆರಳಿನ ಉಗುರು ಎದ್ದುಬಂತು. ಸಂಜೆಯ ಹೊತ್ತಿಗೆ ದೊಡ್ಡ ಮಗ ಹಾಜರಾದರು.

ಟೇಪಕ್ಕನಿಗೆ ಅವರು ಭಾವ, ಗಂಡನ ಅಣ್ಣ. ಎರಡು ಬೀದಿ ಆಚೆ ಪೀಠೋಪಕರಣದ ಅಂಗಡಿ, ಹಿಂದೆಯೇ ಮರಗೆಲಸದ ಕಾರ್ಖಾನೆ. ಬೇರೆ ಮನೆಯಲ್ಲಿದ್ದರೂ ಈ ಮನೆಯ ದೊಡ್ಡ ತೀರ್ಮಾನಗಳೆಲ್ಲ ಅವರವೇ. ಗೋಡೆಗೆ ಯಾವ ಬಣ್ಣ ಹಚ್ಚಬೇಕು, ನೀರಿನ ಟ್ಯಾಂಕು ಎಲ್ಲಿ ಕೂರಬೇಕು ಎಂದು ಹೇಳುವವರು ಅವರು. ಹೂಂ ಎನ್ನುವವರು ತಮ್ಮ, ಅಂದರೆ ಟೇಪಕ್ಕನ ಯಜಮಾನರು. ಅವರದು ಲಿಫ್ಟ್ ರಿಪೇರಿಯ ಕೆಲಸ. ಅತ್ತೆ ಹೇಳುವಂತೆ, "ಇವನು ದಿನಾ ಜನರನ್ನ ಮೇಲೆ ಕಳಿಸ್ತಾನೆ, ಇವನು ಮಾತ್ರ ಅಲ್ಲೇ ಇರ್ತಾನೆ."

ಭಾವ ಅಮ್ಮನ ಬೆರಳು ನೋಡಿದರು, ಚೀಲಗಳನ್ನು ನೋಡಿದರು.

"ನೋಡಮ್ಮ, ಓದೋದು ಒಳ್ಳೇದೇ. ನಾನು ಬೇಡ ಅನ್ನಲ್ಲ," ಎಂದರು. "ಆದರೆ ಇದು ಮನೆಯೋ ಗೋದಾಮೋ? ನಮ್ಮ ಅಂಗಡೀಲಿ ಒಂದು ಟಿವಿ ಯುನಿಟ್ ಇದೆ. ಆರಡಿ ಉದ್ದ, ಗಾಜಿನ ಬಾಗಿಲು, ಒಳಗೆ ಲೈಟು. ಆರ್ಡರ್ ಕೊಟ್ಟವನು ಮನೆ ಬದಲಾಯಿಸ್ದ, ಹಾಗೇ ಉಳ್ಕೊಂಡಿದೆ. ತಿಂಗಳ ಕೊನೇ ಭಾನುವಾರ ತಂದು ಈ ಗೋಡೆಗೆ ಕೂರಿಸ್ತೀನಿ. ಅದರಲ್ಲಿ ಒಂದು ತಟ್ಟೆ ನಿಂದೇ. ಚೆನ್ನಾಗಿರೋ ಇಪ್ಪತ್ತು ಪುಸ್ತಕ ಆರಿಸಿ ಇಟ್ಕೋ, ನೋಡೋಕೂ ಲಕ್ಷಣ. ಉಳಿದಿದ್ದು ರದ್ದಿಗೆ."

"ರದ್ದಿಯಿಂದ ತಂದಿದ್ದನ್ನ ರದ್ದಿಗೆ ಹಾಕೋಕೆ ನಾನು ಇಪ್ಪತ್ತೊಂಬತ್ತು ವರ್ಷ ಹೊತ್ತಿದ್ದಾ ಭಾವ?"

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಮ್ಮ."

"ಹಾಸಿಗೆ ಹೊಲಿಯೋಳು ನಾನೇ ಅಲ್ವಾ?"

ಯಜಮಾನರು ಕೆಮ್ಮಿದರು. ಭಾವ ನಕ್ಕುಬಿಟ್ಟರು. ದೊಡ್ಡ ಮನಸ್ಸಿನವರಂತೆ ಇನ್ನೊಂದು ದಾರಿಯನ್ನೂ ತೋರಿಸಿದರು. ಬಚ್ಚಲಿಗೆ ಹೋಗುವ ಓಣಿಯ ಕೊನೆಯಲ್ಲಿ ಹಿಂದೆ ಒಂದು ಬಾಗಿಲಿತ್ತು. ಅದನ್ನು ಇಟ್ಟಿಗೆ ಇಟ್ಟು ಮುಚ್ಚಿದ್ದರಿಂದ ಎಂಟು ಇಂಚು ಆಳದ ಗೂಡೊಂದು ಉಳಿದಿತ್ತು. ಅಲ್ಲಿ ಈಗ ಬಕೆಟ್ಟು, ಪೊರಕೆ. ಯುನಿಟ್ ಬರುವ ಭಾನುವಾರದೊಳಗೆ ಆ ಗೂಡಿನಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟನ್ನು ಇಟ್ಟುಕೊಳ್ಳಬಹುದು. ನೆಲದ ಮೇಲೆ ಉಳಿದದ್ದು ಹೋಗಬೇಕು.

"ಕಪಾಟು ಯಾರು ಮಾಡ್ತಾರೆ?" ಎಂದು ಯಜಮಾನರು ಕೇಳಿದರು.

"ನಮ್ಮ ಹುಡುಗರಿಗೆ ಈ ತಿಂಗಳು ಬಿಡುವಿಲ್ಲಪ್ಪ. ಇಷ್ಟು ಚಿಕ್ಕ ಕೆಲಸಕ್ಕೆ ಯಾವ ಬಡಗೀನೂ ಬರಲ್ಲ."

"ನಾನು ಮಾಡ್ತೀನಿ," ಎಂದರು ಟೇಪಕ್ಕ.

ಆಮೇಲೆ ನಗು ಎಷ್ಟು ಹೊತ್ತು ನಡೆಯಿತು ಎಂಬ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ. ಭಾವ ಹೊರಗೆ ಹೋಗಿ ಚಪ್ಪಲಿ ಹಾಕಿಕೊಳ್ಳುವಾಗಲೂ ನಗುತ್ತಿದ್ದರು ಎಂಬುದು ಅತ್ತೆಯ ಸಾಕ್ಷ್ಯ.

ಟೇಪಕ್ಕನ ಯೋಜನೆ ಸರಳವಾಗಿತ್ತು. ಗೂಡಿನ ಎಡಬಲ ಗೋಡೆಗಳಿಗೆ ಚಿಕ್ಕ ಮರದ ಪಟ್ಟಿಗಳನ್ನು ಸ್ಕ್ರೂ ಹಾಕಿ ಬಿಗಿಯುವುದು. ಅವುಗಳ ಮೇಲೆ ಹಲಗೆ ಸುಮ್ಮನೆ ಇಡುವುದು. ಬಾಗಿಲಿಲ್ಲ, ಬೆನ್ನಿಲ್ಲ, ಜೋಡಣೆಯ ಕಸರತ್ತಿಲ್ಲ. ಎಂಟು ಹಲಗೆ, ಹದಿನಾರು ಪಟ್ಟಿ. ಎತ್ತರ ಏಳಡಿ, ಅಗಲ ಮೂವತ್ತಾರು ಇಂಚು. ಒಂದು ಭಾನುವಾರ ಮಧ್ಯಾಹ್ನ ಬಕೆಟ್ಟುಗಳನ್ನು ಸರಿಸಿ, ಮೂರು ಕಡೆ ಟೇಪು ಹಿಡಿದು ಅಳೆದರು. ಗೋಡೆಗಳು ಎಲ್ಲೂ ನೇರವಿರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. "ಮನುಷ್ಯರ ಭುಜದ ಹಾಗೇನೇ, ಒಂದು ಮೇಲೆ ಒಂದು ಕೆಳಗೆ." ಮೇಲೆ, ನಡುವೆ, ಕೆಳಗೆ, ಮೂರೂ ಕಡೆ ಮೂವತ್ತಾರು. ಅಳತೆ ಪುಸ್ತಕ ತೆರೆದು ಬರೆದುಕೊಂಡರು.

ಮರ ಸಿಕ್ಕಿದ್ದು ಯಂತ್ರಗಳ ಗೋದಾಮಿನ ಹಿಂದೆ. ದೂರದಿಂದ ಬರುವ ಯಂತ್ರಗಳನ್ನು ತುಂಬಿದ ದೊಡ್ಡ ಪೆಟ್ಟಿಗೆಗಳನ್ನು ಅಲ್ಲಿ ಬಿಚ್ಚಿ ರಾಶಿ ಹಾಕುತ್ತಾರೆ. ಪೈನ್ ಮರ, ತಿಳಿ ಬಣ್ಣ, ಗಂಟುಗಳು ಹೆಚ್ಚು. ಸೌದೆಗೆ ಕೊಳ್ಳುವವರೇ ಜಾಸ್ತಿಯಾದ್ದರಿಂದ ಅಗ್ಗ. ಮುಕ್ಕಾಲು ಇಂಚು ದಪ್ಪದ್ದೂ ಇತ್ತು, ಒಂದು ಇಂಚಿನದ್ದೂ ಇತ್ತು. ಎರಡರಿಂದಲೂ ಒಂದೊಂದು ಹಲಗೆ ತಂದು, ಅಂಗಡಿಯಲ್ಲಿ ಎರಡು ಸ್ಟೂಲಿನ ನಡುವೆ ಅಡ್ಡ ಇಟ್ಟು, ಮೇಲೆ ಒಂದು ಚೀಲದ ಪುಸ್ತಕ ಜೋಡಿಸಿ, ಎರಡು ದಿನ ಬಿಟ್ಟು ನಡುಭಾಗ ಎಷ್ಟು ಇಳಿದಿದೆ ಎಂದು ಅಳೆದರು. ತೆಳ್ಳನೆಯದು ಮುಕ್ಕಾಲು ಇಂಚು ಜಗ್ಗಿತ್ತು. ದಪ್ಪನೆಯದು ಕಾಲು ಇಂಚೂ ಇಲ್ಲ. ದಪ್ಪನೆಯದೇ ಆಯಿತು.

ಮರ ಕೊಯ್ಯುವ ಮಿಲ್ಲಿನಲ್ಲಿ ಅಳತೆ ಪುಸ್ತಕದ ಹಾಳೆ ತೋರಿಸಿದರು. ಮಿಲ್ಲಿನವನು ಗಟ್ಟಿಯಾಗಿ ಓದಿದ: "ಮೂವತ್ತೇಳು ಇಂಟು ಒಂಬತ್ತು, ಎಂಟು ಪೀಸು." ಟೇಪಕ್ಕ ತಲೆಯಾಡಿಸಿದರು. ಅವನು ಕೂದಲೆಳೆ ಆಚೀಚೆ ಆಗದಂತೆ ಕೊಯ್ದುಕೊಟ್ಟ.

ಮುಂದಿನ ಹತ್ತು ದಿನ ಮೆಟ್ಟಿಲಡಿಯ ಅಂಗಡಿಯಲ್ಲಿ ಗಿರಾಕಿಗಳಿಗೆ ಕೂರಲು ಜಾಗವಿರಲಿಲ್ಲ. ಒಂದು ಪ್ಯಾಂಟು ಮುಗಿದ ಮೇಲೆ ಅರ್ಧ ಹಲಗೆ. ಒರಟು ಮೈಯನ್ನು ಮೊದಲು ದಪ್ಪ ಉಪ್ಪುಕಾಗದದಿಂದ, ಆಮೇಲೆ ನಯವಾದದ್ದರಿಂದ, ಮರದ ಎಳೆ ಹೋದ ದಿಕ್ಕಿಗೇ ಉಜ್ಜಿದರು. ಎಳೆಗೆ ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ, ಬಟ್ಟೆಗೂ ಎಳೆಯಿದೆ. ಉಜ್ಜಿದ ಹಲಗೆಗೆ ಹಳೆಯ ಪಂಚೆಯ ಚೂರಿನಲ್ಲಿ ಅಗಸೆ ಎಣ್ಣೆ ಹಚ್ಚಿ ಗೋಡೆಗೆ ಒರಗಿಸಿದರು. ಹೊಲಿಗೆ ಯಂತ್ರದ ಹಲ್ಲಿನೊಳಗೆ ಮರದ ಹುಡಿ ಸೇರಿ ಎರಡು ಸಲ ನಿಂತಿತು. ಕೋಟು ಕೊಟ್ಟಿದ್ದ ವಕೀಲರೊಬ್ಬರು ಜೇಬು ಕೊಡವಿಕೊಂಡು, "ಏನಮ್ಮಾ, ನನ್ನ ಕೋಟಿಗೆ ಗೆದ್ದಲು ಹತ್ತಿದೆಯಾ?" ಎಂದು ಕೇಳಿದರಂತೆ.

ಶನಿವಾರ ಸಂಜೆ ಯಜಮಾನರು ಕೆಲಸದಿಂದ ಡ್ರಿಲ್ಲು ತಂದು ಗೂಡಿನ ಗೋಡೆಗಳಲ್ಲಿ ತೂತು ಕೊರೆದರು. ಹದಿನಾರು ಪಟ್ಟಿಗಳೂ ನೀರಿನ ಮಟ್ಟದಷ್ಟು ಸರಿಯಾಗಿ ಕೂತವು. ಹೆಂಡತಿ ಹೇಳಿದಲ್ಲೇ ಕೊರೆದರು. ಒಮ್ಮೆ ಮಾತ್ರ ಬಚ್ಚಲ ಕಡೆಯ ಗೋಡೆಯ ಮೇಲೆ ಅಂಗೈ ಇಟ್ಟು, "ಇಲ್ಲಿ ಸ್ವಲ್ಪ ತೇವ ಇದೆ ಕಣೇ," ಎಂದರು.

"ಗೊತ್ತು. ಇರೋದು ಇದೊಂದೇ ಜಾಗ ಅಲ್ವಾ?"

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಚಹದ ಅಂಗಡಿಯವನ ತಳ್ಳುಗಾಡಿಯಲ್ಲಿ ಹಲಗೆಗಳು ಮನೆಗೆ ಬಂದವು. ಟೇಪಕ್ಕ ಮೊದಲನೆಯದನ್ನು ಹೊತ್ತು ಓಣಿಗೆ ಹೋದರು. ಹಲಗೆಯ ಎಡ ತುದಿ ಗೂಡಿನೊಳಗೆ ಸೇರಿತು. ಬಲ ತುದಿ ಗೋಡೆಯ ಅಂಚಿಗೆ ಬಡಿದು ನಿಂತಿತು. ಓರೆ ಮಾಡಿದರು, ತಿರುಗಿಸಿದರು, ಕೆಳಗಿನಿಂದ ಎತ್ತಿ ನೋಡಿದರು. ಹೋಗಲಿಲ್ಲ. ಎರಡನೆಯದೂ ಹೋಗಲಿಲ್ಲ. ಟೇಪು ತೆಗೆದು ಗೂಡು ಅಳೆದರು, ಮೂವತ್ತಾರು. ಹಲಗೆ ಅಳೆದರು, ಮೂವತ್ತೇಳು. ಆಮೇಲೆ ಅಳತೆ ಪುಸ್ತಕ ತೆರೆದರು. ತಮ್ಮದೇ ಕೈಬರಹದಲ್ಲಿ ದುಂಡಗೆ ಮೂವತ್ತೇಳು ಎಂದು ಬರೆದಿತ್ತು.

ಗೂಡಿಗೂ ಅವರು ಮಾರ್ಜಿನ್ ಬಿಟ್ಟಿದ್ದರು.

ಹೊರಗೆ ಸರಕು ಗಾಡಿ ನಿಂತ ಸದ್ದಾಯಿತು. ಹಿಂದೆ ದಪ್ಪ ಕಂಬಳಿ ಸುತ್ತಿದ ಟಿವಿ ಯುನಿಟ್ ಇತ್ತು, ಅದರ ಪಕ್ಕದಲ್ಲಿ ಇಬ್ಬರು ಕೆಲಸಗಾರರು. ಭಾವ ಒಳಗೆ ಬಂದವರೇ ಓಣಿಯಲ್ಲಿ ಹಲಗೆ ಹಿಡಿದು ನಿಂತ ತಮ್ಮನ ಹೆಂಡತಿಯನ್ನು ನೋಡಿದರು.

"ಏನಾಯ್ತು?"

"ಒಂದು ಇಂಚು ಜಾಸ್ತಿ."

"ಎಂಟಕ್ಕೂ?"

"ಎಂಟಕ್ಕೂ."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ. ಗೂಡು ಚಿಕ್ಕದಾಯ್ತು ಅಂತೀಯಾ ಈಗ?"

"ಇಲ್ಲ ಭಾವ, ನೆಲ ನೆಟ್ಟಗೇ ಇದೆ. ತಪ್ಪು ನಂದೇ. ಹೊಲಿಗೆಗೆ ಅಂತ ಬಿಟ್ಟುಬಿಟ್ಟೆ."

ಭಾವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. "ಮರಕ್ಕೆ ಹೊಲಿಗೆ! ಬಾರಯ್ಯ ಇಲ್ಲಿ, ಕೇಳು," ಎಂದು ಕೆಲಸಗಾರನೊಬ್ಬನನ್ನು ಒಳಗೆ ಕರೆದರು. "ನಮ್ಮ ಮನೆ ದರ್ಜಿ ಹಲಗೆಗೆ ಮಾರ್ಜಿನ್ ಬಿಟ್ಟಿದಾಳೆ. ಕಾಜಾ ಗುಂಡಿ ಎಲ್ಲಿಡ್ತೀಯಮ್ಮ?"

ಟೇಪಕ್ಕ ಹಲಗೆಯನ್ನು ಗೋಡೆಗೆ ಒರಗಿಸಿದರು. ಮುಖ ಕೆಂಪಗಾಗಿತ್ತು ಎಂದು ಅತ್ತೆ ಹೇಳುತ್ತಾರೆ.

ಭಾವ ಕೆಟ್ಟವರಲ್ಲ. ನಗು ಮುಗಿದ ಮೇಲೆ ಕೆಲಸದ ಮಾತಿಗೆ ಬಂದರು. "ಬಿಡು, ಗಾಡೀಲಿ ಮರ ಕೊಯ್ಯೋ ಮೆಶಿನ್ ಇದೆ. ಎಂಟೂ ಒಂದೊಂದು ಇಂಚು ಹೊಡೆದು ಕೊಡ್ತಾನೆ, ಹತ್ತು ನಿಮಿಷ. ಅಷ್ಟರಲ್ಲಿ ಯುನಿಟ್ ಇಳಿಸ್ತಾರೆ. ಆ ಚೀಲ ಎಲ್ಲ ಈಚೆ ಎಳೀರೋ."

ಕೆಲಸಗಾರ ಮೊದಲ ಚೀಲದ ಕುತ್ತಿಗೆಗೆ ಕೈ ಹಾಕಿದ.

"ಮುಟ್ಟಬೇಡಪ್ಪ," ಎಂದರು ಟೇಪಕ್ಕ. "ಹಲಗೇನೂ ಮುಟ್ಟಬೇಡ."

"ಯಾಕಮ್ಮ? ಕತ್ತರಿಸದೆ ಹೆಂಗೆ ಹೋಗುತ್ತೆ?"

"ಹೋಗೋದು ಬೇಡ. ಇಪ್ಪತ್ತೊಂಬತ್ತು ವರ್ಷ ಊರವರ ಬಟ್ಟೆನೆಲ್ಲ ಅವರವರ ಮೈಗೆ ಇಳಿಸಿದೀನಿ ಭಾವ. ಇದನ್ನ ಇಳಿಸಲ್ಲ. ಗೂಡಿಗೆ ಆಗದಿದ್ರೆ ಪಡಸಾಲೇಲಿ ಇರಲಿ."

"ಪಡಸಾಲೇಲಿ ಎಲ್ಲಿ?"

ಅವರು ಉದ್ದ ಗೋಡೆ ತೋರಿಸಿದರು.

"ಅಲ್ಲಿ ಯುನಿಟ್ ಬರುತ್ತೆ."

"ನಿಮ್ಮ ಯುನಿಟ್ ಗಾಡೀಲಿದೆ. ನನ್ನ ಹಲಗೆ ಮನೇಲಿದೆ."

ಭಾವ ತಮ್ಮನ ಕಡೆ ತಿರುಗಿದರು. "ನೀನಾದ್ರೂ ಹೇಳೋ ನಿನ್ನ ಹೆಂಡ್ತಿಗೆ."

"ಹೇಳಿ ನೋಡಿದೀನಿ ಅಣ್ಣ," ಎಂದರು ಯಜಮಾನರು, "ಇಪ್ಪತ್ತಾರು ವರ್ಷದಿಂದ."

"ಗಾಳೀಲಿ ನಿಲ್ಲುತ್ತಾ ಹಲಗೆ? ಪಟ್ಟಿ ಹೊಡೆದಿರೋದು ಗೂಡಿನ ಗೋಡೆಗೆ. ಇಲ್ಲಿ ಕಂಬ ಬೇಕು, ಚೌಕಟ್ಟು ಬೇಕು. ಯಾವ ಬಡಗಿ ಮಾಡ್ತಾನೆ?"

ಇದಕ್ಕೆ ಉತ್ತರ ಹಿತ್ತಿಲಲ್ಲಿತ್ತು. ಓಣಿಯ ಬಾಗಿಲನ್ನು ಮುಚ್ಚಿದಾಗ ಉಳಿದ ಇಟ್ಟಿಗೆಗಳು ಏಳು ವರ್ಷದಿಂದ ಅಲ್ಲಿ ಪಾಚಿ ಕಟ್ಟಿಕೊಂಡು ಬಿದ್ದಿದ್ದವು. ಟೇಪಕ್ಕ ಅಡುಗೆಮನೆ ದಾಟಿ ಹೊರಗೆ ಹೋದರು, ಒಂದು ಇಟ್ಟಿಗೆ ಹಿಡಿದು ಒಳಗೆ ಬಂದರು, ಹಲಗೆಯ ಅಗಲಕ್ಕೆ ಹಿಡಿದರು. ಇಟ್ಟಿಗೆ ಒಂಬತ್ತು ಇಂಚು ಉದ್ದ. ಹಲಗೆ ಒಂಬತ್ತು ಇಂಚು ಅಗಲ.

ಉಳಿದದ್ದು ಹೊರುವ ಕೆಲಸ. ಚೀಲ, ಟ್ರಂಕುಗಳನ್ನು ನಡುಮನೆಗೆ ಎಳೆದರು. ಟಿವಿಯನ್ನೂ ಅದರ ಮೇಜನ್ನೂ ಮಲಗುವ ಕೋಣೆಗೆ ಒಯ್ದರು. ಇಟ್ಟಿಗೆಗಳನ್ನು ತೆಂಗಿನ ನಾರಿನಿಂದ ಉಜ್ಜಿ, ಒರೆಸಿ, ಒಂದೊಂದಾಗಿ ಒಳಗೆ ತಂದರು. ಗೋಡೆಯುದ್ದಕ್ಕೂ ಐದು ಕಡೆ ಒಂದೊಂದು ಇಟ್ಟಿಗೆ, ಅವುಗಳ ಮೇಲೆ ತುದಿಗೆ ತುದಿ ತಾಗಿಸಿ ಎರಡು ಹಲಗೆ. ಮತ್ತೆ ಐದೂ ಕಡೆ ಮೂರು ಮೂರು ಇಟ್ಟಿಗೆಯ ಗುಡ್ಡೆ, ಮೇಲೆ ಎರಡು ಹಲಗೆ. ಹೀಗೆ ನಾಲ್ಕು ಸಾಲು. ನಡುವೆಯೂ ಆಸರೆ ಇದ್ದುದರಿಂದ ಜಗ್ಗುವ ಪ್ರಶ್ನೆಯೇ ಬರಲಿಲ್ಲ. ಒಟ್ಟು ಐವತ್ತು ಇಟ್ಟಿಗೆ, ಎಪ್ಪತ್ನಾಲ್ಕು ಇಂಚು ಉದ್ದ, ಸೊಂಟದ ಎತ್ತರ. ಗೋಡೆಯ ಮುಕ್ಕಾಲು ಭಾಗ ತುಂಬಿತು.

ಭಾವ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, ಬೀಳುವುದನ್ನು ನೋಡಲು ಕಾದರು. ನಡುನಡುವೆ ಬಡಗಿಯ ಬಾಯಿ ತಡೆಯಲಾಗದೆ ತೆರೆದುಕೊಳ್ಳುತ್ತಿತ್ತು.

"ಮುಂದಕ್ಕೆ ಮಗುಚಿದ್ರೆ ಅಮ್ಮನ ಮೇಲೆ ಬೀಳುತ್ತೆ. ಈಗ ಉಗುರು ಹೋಗಿದೆ, ಆಮೇಲೆ ಕಾಲೇ ಹೋಗುತ್ತೆ."

ಮಾತಿನಲ್ಲಿ ನ್ಯಾಯವಿತ್ತು. ಟೇಪಕ್ಕ ಯಜಮಾನರ ಕಡೆ ನೋಡಿದರು. ಅವರು ಡ್ರಿಲ್ಲಿನ ತಂತಿ ಬಿಚ್ಚಿದರು. ಕಬ್ಬಿಣದ ನಾಲ್ಕು ಮೂಲೆಪಟ್ಟಿಗಳಿಂದ ಮೇಲಿನ ಎರಡು ಹಲಗೆಗಳನ್ನು ಗೋಡೆಗೆ ಬಿಗಿದು, ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಅಲುಗಲಿಲ್ಲ. "ಅಣ್ಣ, ನೀನೂ ಒಂದು ಸಲ ಜಗ್ಗಿ ನೋಡು," ಎಂದರು. ಭಾವ ಏಳಲಿಲ್ಲ.

ಕೊನೆಯ ಮಾತು ಬಂದದ್ದು ಯಾರೂ ಕಾಯದಿದ್ದ ಕಡೆಯಿಂದ. ಅತ್ತೆ ಬೆಳಗಿನಿಂದ ಕಿಟಕಿಯ ಪಕ್ಕದ ತಮ್ಮ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದರು. ಈ ಮನೆ ಅವರ ಹೆಸರಿನಲ್ಲಿದೆ.

"ನಿನ್ನ ಆ ಯುನಿಟ್ಟು ಎಷ್ಟು ಮುಂದೆ ಬರುತ್ತೋ?" ಎಂದು ದೊಡ್ಡ ಮಗನನ್ನು ಕೇಳಿದರು.

"ಹದಿನೆಂಟು ಇಂಚು ಅಮ್ಮ. ಡ್ರಾಯರ್ ಬೇಕಲ್ಲ."

"ಇವಳದ್ದು?"

"ಒಂಬತ್ತು," ಎಂದರು ಟೇಪಕ್ಕ.

"ನಿಂದು ಬಂದ್ರೆ ನನ್ನ ಕುರ್ಚಿ ಎಲ್ಲಿ ಹೋಗುತ್ತೆ?"

"ಒಳಗಿನ ಕೋಣೆಗೆ ಹಾಕಿದ್ರಾಯ್ತು ಅಮ್ಮ."

"ಒಳಗಿನ ಕೋಣೇಲಿ ಕೂತು ಯಾರ ಮುಖ ನೋಡ್ಲಿ, ಗೋಡೆದಾ? ಗಾಡಿ ತಿರುಗಿಸು."

"ಅಮ್ಮಾ, ಎಡವಿ ಬಿದ್ದಿದ್ದು ನೀನೇ. ಪುಸ್ತಕ ಹೊರಗೆ ಹಾಕಿ ಅಂತ ಕೂಗಾಡಿದ್ದೂ ನೀನೇ."

"ನೆಲದ ಮೇಲಿದ್ವು, ಕೂಗಾಡ್ದೆ. ಈಗ ನೆಲದ ಮೇಲಿಲ್ವಲ್ಲ."

ಗಾಡಿ ಹನ್ನೊಂದೂಕಾಲಿಗೆ ತಿರುಗಿತು. ಭಾವ ಹೋಗುವಾಗ ಬಾಗಿಲಲ್ಲಿ ನಿಂತು, "ಇಟ್ಟಿಗೆ ಮೇಲೆ ಹಲಗೆ ಇಟ್ಕೊಂಡು ಅದನ್ನ ಕಪಾಟು ಅಂತ ಯಾರಿಗೂ ಹೇಳಬೇಡಿ, ನನ್ನ ಅಂಗಡಿ ಮರ್ಯಾದೆ ಪ್ರಶ್ನೆ," ಎಂದರು.

"ನೀವೂ ಹೇಳಬೇಡಿ ಭಾವ, ಬಂದವರಿಗೆ ನಾನೇ ಹೇಳ್ತೀನಿ," ಎಂದರು ಟೇಪಕ್ಕ.

ಆ ಮಧ್ಯಾಹ್ನ ಒಂಬತ್ತು ಚೀಲ ಬಿಚ್ಚಿದರು. ಎರಡು ಟ್ರಂಕು ಖಾಲಿಯಾದವು. ಪುಸ್ತಕಗಳನ್ನು ವಿಷಯದ ಪ್ರಕಾರ ಇಡಬೇಕೆಂದು ಶುರುಮಾಡಿ, ಅರ್ಧಕ್ಕೆ ಬಿಟ್ಟು, ಎತ್ತರದ ಪ್ರಕಾರ ಇಟ್ಟರು. ಕೊನೆಯಲ್ಲಿ ಒಂಬತ್ತಿಂಚಿಗೂ ಮೀರಿದ ಮೂರು ಪುಸ್ತಕ ಉಳಿದವು, ಅವನ್ನು ಮೇಲಿನ ಹಲಗೆಯ ಮೇಲೆ ನಿಲ್ಲಿಸಿದರು. ಮುನ್ನೂರ ಎಪ್ಪತ್ತಾರೂ ಒಟ್ಟಿಗೆ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಅವುಗಳಲ್ಲಿ ಎರಡೆರಡು ಪ್ರತಿ ಇದ್ದ ಪುಸ್ತಕ ಹದಿನಾಲ್ಕು. ಚೀಲದಲ್ಲಿ ಸಿಗದೆ ಮತ್ತೆ ಕೊಂಡವು.

ಮುಂದಿನ ವಾರವೆಲ್ಲ ಟೇಪಕ್ಕ ಇಟ್ಟಿಗೆಗಳಿಗೆ ಅಂಗಿ ಹೊಲಿದರು. ಕೆಂಪು ಹುಡಿ ಪುಸ್ತಕಕ್ಕೆ ಹತ್ತುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳ ಹಟಕ್ಕೆ ಕತ್ತರಿಸಿದ ಪ್ಯಾಂಟಿನ ಕಾಲುಗಳ ಚೂರು ಒಂದು ಡಬ್ಬಿಯ ತುಂಬ ಇದ್ದವು. ಕಂದು, ಬೂದು, ಪೊಲೀಸರ ಖಾಕಿ, ಶಾಲೆಯ ನೀಲಿ. ಒಂದೊಂದು ಗುಡ್ಡೆಗೆ ಒಂದು ಚೀಲದಂಥ ಹೊದಿಕೆ, ಹಿಂದೆ ಕಟ್ಟಲು ದಾರ. ಒಟ್ಟು ಇಪ್ಪತ್ತು. ಅಳತೆಗೆ ಮಾರ್ಜಿನ್ ಬಿಟ್ಟೇ ಹೊಲಿದರು, ಸರಿಯಾಗಿ ಕೂತವು.

"ಮೊದಲು ಮರಕ್ಕೆ ಹೊಲಿಗೆ, ಈಗ ಇಟ್ಟಿಗೆಗೆ ಪ್ಯಾಂಟು," ಎಂದರು ಅತ್ತೆ. "ನನ್ನ ಬ್ಲೌಸಿನ ಗುಂಡಿ ಬಿದ್ದು ಎಂಟು ದಿನ ಆಯ್ತು, ಅದಕ್ಕೆ ಮಾತ್ರ ಬಿಡುವಿಲ್ಲ."

"ತನ್ನಿ ಅತ್ತೆ, ಹಾಕ್ತೀನಿ."

"ನಿಧಾನಕ್ಕೆ ಹಾಕು. ಆ ನ್ಯಾಯಾಧೀಶರದ್ದು ಎಲ್ಲಿಟ್ಟಿದೀಯ? ಅವನ ಹೆಂಡ್ತಿ ಮನೆ ಬಿಟ್ಟು ಹೋದ್ಲಾ ಇಲ್ವಾ?"

"ಓದಿ ನೋಡಿ."

"ಕನ್ನಡಕ ಕೊಡು ಹಾಗಾದ್ರೆ."

ಓಣಿಯ ಗೂಡಿಗೆ ಬಕೆಟ್ಟುಗಳು ಮರಳಿವೆ. ಯಜಮಾನರು ಹದಿನಾರು ಪಟ್ಟಿಗಳಲ್ಲಿ ಎರಡಕ್ಕೆ ಕೊಕ್ಕೆ ಹಾಕಿ ಪೊರಕೆ ನೇತುಹಾಕಿದ್ದಾರೆ. ಭಾವ ಈ ಕಡೆ ಬಂದು ಮೂರು ವಾರವಾಯಿತು. ಪ್ರತಿ ಸಂಜೆ ಅಮ್ಮನಿಗೆ ಫೋನ್ ಮಾಡುತ್ತಾರೆ, "ಬಿತ್ತಾ?" ಎಂದು ಕೇಳುತ್ತಾರೆ. "ಇನ್ನೂ ಇಲ್ಲಪ್ಪ," ಎಂದು ಅತ್ತೆ ಹೇಳುತ್ತಾರೆ, ಬಿದ್ದರೆ ಮೊದಲು ಅವನಿಗೇ ತಿಳಿಸುವುದಾಗಿ ಭರವಸೆ ಕೊಡುತ್ತಾರೆ.

ಟಿವಿ ಇನ್ನೂ ಮಲಗುವ ಕೋಣೆಯಲ್ಲಿ ಮೇಜಿನ ಮೇಲೆ ಸುಮ್ಮನೆ ಕೂತಿದೆ, ಅಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಎಲೆಕ್ಟ್ರಿಷಿಯನ್ ಬರುತ್ತಾನೆ.